ಮದುವೆ ಚಪ್ಪರದಲ್ಲಿ ತೊಟ್ಟಿಲು, ಮತ್ತಿತರ ಪೇಚುಗಳು

ನಾನು ವಿಶೇಷ ಶಿಕ್ಷಕಿ. ಅಂಗವಿಕಲ ಮಕ್ಕಳನ್ನು ಶಾಲೆಗೆ ಕರೆತರುವುದು, ಬೇಡದ ಮುಟ್ಟುವಿಕೆಯ ಬಗ್ಗೆ ಮಕ್ಕಳಿಗೆ ಎಚ್ಚರ ಕಲಿಸುವುದು, ಓದುವ ಹುಡುಗಿಯರ ಮದುವೆ ನಿಲ್ಲಿಸುವುದು ನನ್ನ ಕೆಲಸ. ಹೀಗೆಂದರೆ ಕೇಳಿದವರು ಮುಖ ಗಂಭೀರ ಮಾಡುತ್ತಾರೆ. ನಾನೂ ಗಂಭೀರವಾಗಿಯೇ ಮನೆ ಬಿಡುತ್ತೇನೆ. ಸಂಜೆ ಸುರಪುರದ ಬಸ್ಸು ಹತ್ತುವಷ್ಟರಲ್ಲಿ ಏನಾದರೊಂದು ಆಗಿಯೇ ಇರುತ್ತದೆ.

ಕೈಸನ್ನೆ

ಕೆಲಸಕ್ಕೆ ಸೇರಿದ ಹೊಸತು. ಕಕ್ಕೇರಾ ಕಡೆಯ ಹಳ್ಳಿಯೊಂದರಲ್ಲಿ ಕಿವಿ ಕೇಳದ ಹುಡುಗಿ ಶಾಲೆಗೆ ಹೋಗದೆ ಮನೆಯಲ್ಲೇ ಇದ್ದಾಳೆಂದು ತಿಳಿದು ಹೋದೆ. ಬಾಗಿಲಲ್ಲೇ ಹುಡುಗಿ ಸಿಕ್ಕಳು. ಆಗಷ್ಟೇ ಕಲಿತಿದ್ದ ಸನ್ನೆ ಭಾಷೆಯಲ್ಲಿ ಅವಳಿಗೆ ನನ್ನ ಪರಿಚಯ ಹೇಳುತ್ತಿದ್ದೆ. ಒಳಗಿನಿಂದ ಅವಳ ಅಜ್ಜಿ ಬಂದಳು. ನನ್ನನ್ನು ಸ್ವಲ್ಪ ಹೊತ್ತು ನೋಡಿ, ಕೂಡು ಅಂತ ಕೈ ಮಾಡಿದಳು. ಪಾಪ, ಈಕೆಗೂ ಕೇಳಿಸುವುದಿಲ್ಲ ಅಂದುಕೊಂಡು ನಾನೂ ಕೈಯಲ್ಲೇ ಮಾತಾಡಿದೆ. ಊಟ ಆಯಿತೇ ಅಂತ ಸನ್ನೆ ಮಾಡಿದಳು, ಹೊಟ್ಟೆ ಸವರಿ ತೋರಿಸಿದೆ. ಕೊರಳು ಮುಟ್ಟಿ, ಮದುವೆ ಆಗಿದೆಯೇ ಅಂದಳು, ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅಜ್ಜಿಯ ಕಣ್ಣಲ್ಲಿ ನೀರು ಬಂತು. ಒಳಗೆ ಹೋಗಿ ಚಹಾ ತಂದಳು, ಜೊತೆಗೆ ಎರಡು ಶೇಂಗಾ ಉಂಡಿ.

ನಾನು ಉಂಡಿ ಮುಗಿಸುವಾಗ ಹುಡುಗಿಯ ತಾಯಿ ಹೊಲದಿಂದ ಬಂದಳು. "ಯಾರ್ರಿ ನೀವು?"

"ಟೀಚರ್ರಿ, ಸುರಪುರದಿಂದ ಬಂದೀನಿ."

"ಮಾತಾಡ್ತಾಳಲ್ಲ ಇಕಿ," ಅಂದಳು ಅಜ್ಜಿ.

"ಆಯಿ, ನಿಮಗ ಕೇಳ್ತದೇನ್ರಿ?"

ಅಜ್ಜಿ ಖಾಲಿ ತಟ್ಟೆ ನೋಡಿದಳು. "ಮೂಕಿ ಅದಾಳ, ಮದಿವಿನೂ ಆಗಿಲ್ಲ ಪಾಪ ಅಂತ ಉಂಡಿ ಕೊಟ್ಟೆ. ಮಾತು ಬರ್ತಾವಂತ ಗೊತ್ತಿದ್ರ ಬರೀ ಚಾ ಸಾಕಿತ್ತು."

ಐದು ನಿಮಿಷ

ಶಹಾಪುರದ ಕಡೆಯ ಒಂದು ಶಾಲೆಯಲ್ಲಿ ಗಾಲಿಕುರ್ಚಿಯ ಹುಡುಗನೊಬ್ಬನಿದ್ದ. ಅವನಿಗಾಗಿ ಓಡಾಡಿ, ಬೇಡಿಕೊಂಡು, ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಿದೆ. ಮರುವಾರ ಹೋಗಿ ನೋಡಿದರೆ ಅದನ್ನು ಹತ್ತಿ ಹೆಡ್ಮಾಸ್ತರ ಬೈಕು ವರಾಂಡದಲ್ಲಿ ನಿಂತಿತ್ತು, ಅದರ ಹಿಂದೆ ಉಳಿದ ಮಾಸ್ತರರದೂ. ಹುಡುಗ ಕೆಳಗೇ ಇದ್ದ. ಕೇಳಿದ್ದಕ್ಕೆ ಹೆಡ್ಮಾಸ್ತರರು, "ಐದು ನಿಮಿಷ ಮೇಡಂ, ತಗೀತೀವಿ. ಬಿಸಿಲಾಗ ಸೀಟು ಸುಡ್ತದ್ರಿ," ಅಂದರು. ಪ್ರತಿ ಸಲ ಹೋದಾಗಲೂ ಅದೇ ಐದು ನಿಮಿಷ.

ಒಂದು ಬೆಳಿಗ್ಗೆ ಹುಡುಗ ಎಲ್ಲರಿಗಿಂತ ಮೊದಲು ಬಂದು, ಇಳಿಜಾರಿನ ನಟ್ಟನಡುವೆ ಕುರ್ಚಿಗೆ ಬ್ರೇಕ್ ಹಾಕಿ, ಪುಸ್ತಕ ತೆರೆದು ಕೂತ. ಹೆಡ್ಮಾಸ್ತರರು ಬಂದು ಹಾರ್ನ್ ಹೊಡೆದರು. ಮತ್ತೆ ಹೊಡೆದರು. "ಸರಿಯಪಾ ಜರಾ."

ಹುಡುಗ ಪುಟ ತಿರುವುತ್ತಾ ಹೇಳಿದ: "ಐದು ನಿಮಿಷ ಸರ್. ಕೆಳಗ ಬಿಸಿಲದ, ಸೀಟು ಸುಡ್ತದ್ರಿ."

ಅರ್ಧ ಕಟಿಂಗ್

ಹುಣಸಗಿಯಲ್ಲಿ ಎರಡನೇ ತರಗತಿಯ ಮಕ್ಕಳಿಗೆ ಹೇಳಿಕೊಟ್ಟಿದ್ದೆ: ನಿಮ್ಮ ಮೈ ನಿಮ್ಮದು, ನಿಮಗೆ ಬೇಡವಾದಂತೆ ಯಾರಾದರೂ ಮುಟ್ಟಿದರೆ ಜೋರಾಗಿ ಬ್ಯಾಡ ಅನ್ನಿ, ಓಡಿ, ನಂಬಿಕೆಯ ದೊಡ್ಡವರಿಗೆ ಹೇಳಿ.

ಸಂಜೆ ಬಸ್ಸಿಗೆ ಕಾಯುತ್ತಿದ್ದೆ. "ಬ್ಯಾಡ" ಎಂದು ಕೂಗುತ್ತಾ ಅದೇ ತರಗತಿಯ ಹುಡುಗನೊಬ್ಬ ಓಡಿಬಂದು ನನ್ನ ಸೀರೆ ಹಿಡಿದ. ಅರ್ಧ ತಲೆಯಲ್ಲಿ ಕೂದಲಿತ್ತು, ಅರ್ಧ ಬೋಳು. ಹಿಂದೆ ಅವನಪ್ಪ, ಅವನ ಹಿಂದೆ ಕತ್ತರಿ ಹಿಡಿದ ಕಟಿಂಗ್ ಅಂಗಡಿಯವನು. ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನನ್ನ ಕಡೆ ನೋಡುತ್ತಿತ್ತು. ನನಗೆ ಒಳಗೊಳಗೆ ಹೆಮ್ಮೆ. ಪಾಠ ಹತ್ತಿತ್ತಲ್ಲ.

"ಇಂವ ಅಪ್ಪನ ಮುಂದನ ಕಟಿಂಗ್ ಮಾಡ್ಯಾನ, ನಡೀತದಪಾ," ಎಂದು ಸಮಾಧಾನ ಹೇಳಿದೆ. ಹುಡುಗ ಬಹಳ ಯೋಚಿಸಿ ಒಪ್ಪಿದ. "ಆದ್ರ ಕಿವಿ ಮುಟ್ಟಂಗಿಲ್ಲ."

ಅಂಗಡಿಯವನು ಹೂಂ ಅಂದ, ಕೊಟ್ಟ ಮಾತಿಗೆ ತಪ್ಪಲಿಲ್ಲ. ಆ ತಿಂಗಳೆಲ್ಲ ಹುಡುಗನ ತಲೆ ಬೋಳು, ಕಿವಿಯ ಮೇಲೆ ಮಾತ್ರ ಎರಡು ಪೊದೆ.

ತೊಟ್ಟಿಲು

ಹತ್ತನೇ ತರಗತಿಯ ಹುಡುಗಿಯೊಬ್ಬಳು ಗೆಳತಿಯ ಫೋನಿನಿಂದ ಕರೆದಳು. "ಮೇಡಂ, ನಾಳಿ ನನ್ನ ಲಗ್ನ ಅದ. ನನಗ ಬ್ಯಾಡ್ರಿ, ನಾ ಓದಬೇಕು." ಇಷ್ಟೇ ಹೇಳಿ ಇಟ್ಟುಬಿಟ್ಟಳು. ಮರುದಿನ ಮಕ್ಕಳ ರಕ್ಷಣೆಯ ಅಧಿಕಾರಿ, ಒಬ್ಬ ಮಹಿಳಾ ಪೊಲೀಸು, ನಾನು ಜೀಪಿನಲ್ಲಿ ಹೊರಟೆವು. ತಡವಾದರೆ ಮುಗಿಯಿತು.

ಜೀಪಿನ ಧೂಳು ನಮಗಿಂತ ಮೊದಲೇ ಊರು ಮುಟ್ಟಿರಬೇಕು. ಚಪ್ಪರದ ನಡುವೆ ಒಂದು ತೊಟ್ಟಿಲು ತೂಗಾಡುತ್ತಿತ್ತು.

"ಲಗ್ನ ಎಲ್ಲಿದ್ರಿ ಮೇಡಂ," ಅಂದ ಹುಡುಗಿಯ ಅಪ್ಪ. "ಕೂಸಿನ ಹೆಸರಿಡಾಕತ್ತೀವಿ."

ತೊಟ್ಟಿಲು ತೂಗುತ್ತಿದ್ದ ಯುವಕನ ಹಣೆಯಲ್ಲಿ ಮದುಮಕ್ಕಳು ಕಟ್ಟುವ ಬಾಸಿಂಗವಿತ್ತು.

"ಇವರ್ಯಾರು?"

"ಕೂಸಿನ ಸೋದರಮಾವ್ರಿ."

"ಬಾಸಿಂಗ ಯಾಕ?"

"ಖುಷಿಗಿ ಕಟ್ಟಿಕೊಂಡಾನ್ರಿ."

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬಂದಳು. "ನನ್ನ ಕೂಸು ಕೊಡ್ರಿ, ಹಾಲು ಕುಡಿಯೂ ಹೊತ್ತಾಯ್ತು."

ಅಲ್ಲಿಗೆ ಎಲ್ಲ ಮುಗಿಯಿತು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ ಎಂದು ಅಧಿಕಾರಿ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಅರಿಶಿಣ ಹಚ್ಚಿದ ಕೈಯಿಂದ ಹುಡುಗಿ ನನ್ನ ಕೈ ಹಿಡಿದು ಕೂತಿದ್ದಳು, ಬಿಡಲೇ ಇಲ್ಲ. ಈಗ ಅವಳು ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಆದರೆ ಆವತ್ತು ದೊಡ್ಡ ಪಾತ್ರೆ ತುಂಬ ಹುಗ್ಗಿ ಆಗಿತ್ತು, ಬೀಗರೆಲ್ಲ ಬಂದು ಕೂತಿದ್ದರು. ಪಕ್ಕದ ಮನೆಯ ಹೆಂಗಸೇ ದಾರಿ ತೋರಿಸಿದಳು. "ನನ್ನ ಮಗಳಿಗಿ ಇನ್ನಾ ಹೆಸರಿಟ್ಟಿಲ್ಲ. ತೊಟ್ಲಾ ಕಟ್ಯಾದ, ಊಟನೂ ಆಗ್ಯಾದ. ಇಟ್ಟೇಬಿಡ್ರಿ."

ಕೂಸಿನ ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆ ಬೇಕು. ಮದುಮಗಳ ಅಜ್ಜಿ ನನ್ನ ಕಡೆ ಬೆರಳು ಮಾಡಿದಳು. "ಮೇಡಂ ಆಗ್ಲಿ."

ಸಿಟ್ಟು ಇಳಿಯಿತಲ್ಲ ಎಂದು ನಾನು ಸಂತೋಷದಿಂದ ತೊಟ್ಟಿಲಿಗೆ ಬಗ್ಗಿದೆ. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ತಮಾಷೆಗೆ ಮೆಲ್ಲಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಅದು ನನಗೆ ನೆನಪಾದದ್ದು ಅಜ್ಜಿಯ ಮೊದಲ ಗುದ್ದು ಬಿದ್ದ ಮೇಲೆ. ನಂತರ ಹುಡುಗಿಯ ಅವ್ವ, ಆಮೇಲೆ ದೊಡ್ಡವ್ವ, ಆಮೇಲೆ ವರನ ಕಡೆಯವರು ಸಾಲಾಗಿ ನಿಂತರು. ನಿಂತುಹೋದ ಮದುವೆಯೆಲ್ಲ ಅವರ ಮುಷ್ಟಿಯಲ್ಲಿತ್ತು.

ನಾನು ತೊಟ್ಟಿಲು ಹಿಡಿದುಕೊಂಡೇ ಪೊಲೀಸಮ್ಮನ ಕಡೆ ನೋಡಿದೆ. ಆಕೆ ಎಲೆಯ ಮುಂದೆ ಕೂತು ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು.

"ಪದ್ಧತಿ ಅದರಿ ಮೇಡಂ," ಅಂದಳು. "ಇದಕ್ಕ ಕೇಸ್ ಹಾಕಾಕ ಬರಂಗಿಲ್ಲ."