ಮೀಮಾ ಅಜ್ಜಿಗೆ ನೀರುನಾಯಿ ತೋರಿಸಿದ್ದು

ಯೆಲ್ ದ್ವೀಪಕ್ಕೆ ಮನೆಯಳಿಯನಾಗಿ ಬಂದ ಹೊಸತರಲ್ಲಿ ಫಿನ್ಲೇ ಒಂದು ಬೆಕ್ಕಿನ ಮೇಲೆ ಸುಳ್ಳು ಆರೋಪ ಹೊರಿಸಿದ್ದ. ದೋಣಿ ಕಟ್ಟುವ ಕಲ್ಲಿನ ಮೇಲೆ ಬೆಳಗಾದರೆ ಸಾಕು, ಡಾಂಬರಿನಂಥ ಕರೀ ಹಿಕ್ಕೆ. ಪಕ್ಕದ ಮನೆಯ ರಾಸ್ಮಿಯ ಬೆಕ್ಕಲ್ಲದೆ ಇನ್ಯಾರು? ದ್ವೀಪಕ್ಕೆ ಕಾರು ದಾಟಿಸುವ ಫೆರ್ರಿ ಹಡಗಿನಲ್ಲಿ ದಿನವಿಡೀ ಅವುಗಳಿಗೆ ಮುಂದೆ ಬಾ, ಹಿಂದೆ ಹೋಗು, ನಿಲ್ಲು ಎಂದು ಕೈಸನ್ನೆ ಮಾಡುವುದೇ ಫಿನ್ಲೇಯ ಉದ್ಯೋಗ. ಅದೇ ಠೀವಿಯಲ್ಲಿ, ಬೆಕ್ಕನ್ನು ಬಂಧನದಲ್ಲಿಡತಕ್ಕದ್ದು ಎಂದು ರಾಸ್ಮಿಗೆ ಅಪ್ಪಣೆ ಮಾಡಿದ. ರಾಸ್ಮಿ ಪಾಪ, ಬೆಕ್ಕನ್ನು ಒಳಗೆ ಕೂಡಿಹಾಕಿದ. ಹಿಕ್ಕೆ ಮಾತ್ರ ನಿಲ್ಲಲಿಲ್ಲ. ಬೆಕ್ಕು ಕಿಟಕಿಯಿಂದ ಹಾರಿ ಬಂದು, ಕೆಲಸ ಮುಗಿಸಿ, ಮತ್ತೆ ಸೆರೆಮನೆಗೆ ಹಾಜರಾಗುತ್ತದೆಂದು ಫಿನ್ಲೇ ಸಿದ್ಧಾಂತ ಮಂಡಿಸಿದ. ಕೊನೆಗೆ ಅವನ ಹೆಂಡತಿ ಓಸ್ಲಾಳ ಅಜ್ಜಿ ಮೀಮಾ ಕಲ್ಲಿನ ಬಳಿ ನಿಂತು, ಒಮ್ಮೆ ಮೂಗರಳಿಸಿ, ಇದು ನೀರುನಾಯಿಯದು, ನೀನು ಹುಟ್ಟುವ ಮೊದಲಿನಿಂದಲೂ ಇಲ್ಲೇ ಇದೆ ಎಂದು ತೀರ್ಪು ಕೊಟ್ಟಳು. ಫಿನ್ಲೇ ಒಂದು ಇಡೀ ಮೀನು ಕೊಂಡುಹೋಗಿ ಬೆಕ್ಕಿನ ಕ್ಷಮೆ ಕೇಳಬೇಕಾಯಿತು. (ಬೆಕ್ಕು ಮೀನನ್ನು ಸ್ವೀಕರಿಸಿತು, ಕ್ಷಮಾಪಣೆಯನ್ನಲ್ಲ.)

ಅಂದಿನಿಂದ ಅವನು ನೀರುನಾಯಿ ಪಂಡಿತನಾದ. ಕಂಡ ಕಂಡ ಬಂಡೆಗೆ ಬಗ್ಗಿ ಮೂಸುವುದು, ಮನೆಗೆ ಬಂದು ವರದಿ ಒಪ್ಪಿಸುವುದು: ಒಣಹುಲ್ಲಿನ ವಾಸನೆ, ಅದರ ಹಿಂದೆ ಮೀನು, ಎಲ್ಲಕ್ಕಿಂತ ಹಿಂದೆ ನವಿರಾಗಿ ಮಲ್ಲಿಗೆ.

“ಮದುವೆಯಾಗಿ ಇಷ್ಟು ದಿನ ಆಯ್ತು, ನನಗೊಂದು ಹೂವು ತಂದವನಲ್ಲ. ಹಿಕ್ಕೆಯಲ್ಲಿ ಮಲ್ಲಿಗೆ ಹುಡುಕ್ತಾನೆ ನೋಡಜ್ಜಿ,” ಎಂದಳು ಓಸ್ಲಾ.

ಅಜ್ಜಿ ಹೆಣಿಗೆ ಕಡ್ಡಿ ಆಡಿಸುತ್ತಾ, ಸಿಕ್ಕಿದ್ದು ಅಂಥವನೇ ಅಲ್ಲವೇ ಎಂಬಂತೆ ತಲೆಯಾಡಿಸಿದಳು.

ಆದರೆ ಈ ಅಜ್ಜಿಯ ಋಣ ಫಿನ್ಲೇಯ ಮೇಲೆ ಬೆಟ್ಟದಷ್ಟಿತ್ತು. ಹೊಸದಾಗಿ ಮದುವೆಯಾದವರಿಗೆ ದ್ವೀಪದಲ್ಲಿ ಒಂದು ಬಾಡಿಗೆ ಕೋಣೆಯೂ ಹುಟ್ಟದಿದ್ದಾಗ, ತನ್ನ ಮನೆಯ ಮಹಡಿಯನ್ನು ಬಿಟ್ಟುಕೊಟ್ಟು ಕೆಳಗೆ ಒಲೆಯ ಪಕ್ಕ ಹಾಸಿಗೆ ಹಾಕಿಕೊಂಡವಳು ಅವಳು. ಅವನು ಒದ್ದೆ ಬೂಟನ್ನು ಅವಳ ಒಲೆಯ ಮೇಲಿಟ್ಟು ಸುಟ್ಟಾಗಲೂ ಮನೆ ಬಿಡು ಎಂದಿರಲಿಲ್ಲ. ಬೂಟು ಬಿಡು ಎಂದಿದ್ದಳು, ಅಷ್ಟೆ.

ಈಗ ಅವಳ ಕಣ್ಣು ಹೋಗುತ್ತಿತ್ತು. ನೇರವಾಗಿ ನೋಡಿದರೆ ನಟ್ಟನಡುವೆ ಮಂಜು; ಓರೆಗಣ್ಣಿನ ಅಂಚಿಗೆ ಮಾತ್ರ ಹತ್ತಿರದ್ದು ಕಾಣುತ್ತಿತ್ತು. ಚಳಿಗಾಲದ ಹೊತ್ತಿಗೆ ಅದೂ ಅನುಮಾನ ಎಂದು ವೈದ್ಯರು ಹೇಳಿದ್ದರು. ಅಜ್ಜಿ ಅದಕ್ಕಾಗಿ ಅತ್ತವಳಲ್ಲ. ಒಂದು ದಿನ ಚಹಾ ಕುಡಿಯುವಾಗ ಮಾತ್ರ, ನೀರುನಾಯಿಯ ಮೀಸೆಯನ್ನು ಇನ್ನೊಂದು ಸಲ ನೋಡಬೇಕಿತ್ತು ಎಂದಳು. ಫಿನ್ಲೇ ಬಟ್ಟಲು ಕೆಳಗಿಟ್ಟು, ತಾನು ತೋರಿಸಿಯೇ ಸಿದ್ಧ ಎಂದು ಘೋಷಿಸಿದ. ತನ್ನ ಕಾಲುಚೀಲವನ್ನೇ ಹುಡುಕಿಕೊಳ್ಳಲಾರದವನು ನೀರುನಾಯಿ ಹುಡುಕುತ್ತಾನಂತೆ ಎಂದು ಓಸ್ಲಾ ನಕ್ಕಳು.

ರಜಾದಿನ ಬಂತು. ಸಮುದ್ರ ಇಳಿದಿತ್ತು, ಗಾಳಿ ಕಡಲಿನಿಂದ ಮುಖಕ್ಕೆ ಬೀಸುತ್ತಿತ್ತು. ನಮ್ಮ ವಾಸನೆ ಅದಕ್ಕೆ ಹೋಗಕೂಡದು, ಆಕಾಶದೆದುರು ನಮ್ಮ ಆಕಾರ ಕಾಣಕೂಡದು, ಸದ್ದು ಕೂಡದು ಎಂದು ಫಿನ್ಲೇ ದಾರಿಯುದ್ದಕ್ಕೂ ಪಾಠ ಮಾಡಿದ. ಸೀಲ್ ಪ್ರಾಣಿ ಸುಮ್ಮನೆ ಮುಳುಗುತ್ತದೆ, ನೀರುನಾಯಿ ಬಾಲ ಎತ್ತಿ ಮುಳುಗುತ್ತದೆ. ಅದು ಮುಳುಗಿದಾಗ ಓಡಬೇಕು, ತಲೆಯೆತ್ತಿದಾಗ ಕಲ್ಲಾಗಬೇಕು. ಕಡಲಂಚಿನಲ್ಲೇ ಹುಟ್ಟಿ ಬೆಳೆದ ಅಜ್ಜಿ ಹೂಂಗುಟ್ಟುತ್ತಾ, ನಡೆಯುತ್ತಲೇ ಹೆಣೆಯುತ್ತಿದ್ದಳು. ಕಡ್ಡಿಯ ಟಿಕಟಿಕ ಕೇಳಿದರೆ ಪ್ರಾಣಿ ಓಡೀತೆಂದು ಅವನು ಹೆಣಿಗೆಯನ್ನು ಜಪ್ತಿ ಮಾಡಿದ. ಕೈ ಕತ್ತರಿಸಿ ಕೊಟ್ಟವಳಂತೆ ಅಜ್ಜಿ ಅದನ್ನು ಒಪ್ಪಿಸಿದಳು.

ಸಿಹಿನೀರಿನ ತೊರೆ ಸಮುದ್ರ ಸೇರುವಲ್ಲಿ, ನೀರುನಾಯಿಗಳು ಮೈಯ ಉಪ್ಪು ತೊಳೆಯಲು ಬರುವ ಗುಂಡಿಯ ಹತ್ತಿರ, ಅಜ್ಜಿಯನ್ನು ಬಂಡೆಗೊರಗಿಸಿ ಕೂರಿಸಿದ. ತಾನು ಬೋರಲು ಮಲಗಿದ. ಎಲ್ಲವೂ ಶಾಸ್ತ್ರಬದ್ಧವಾಗಿತ್ತು. ಒಂದನ್ನು ಮಾತ್ರ ಶಾಸ್ತ್ರ ಹೇಳಿರಲಿಲ್ಲ: ಹಿಂದೆ ಇದ್ದ ರಸ್ತೆ. ಆ ದ್ವೀಪದಲ್ಲಿ ಎದುರಾದ ಪ್ರತಿಯೊಬ್ಬರಿಗೂ ಕೈ ಬೀಸದೆ ಮುಂದೆ ಹೋಗುವ ಕಾರು ಇಲ್ಲ. ಮೊದಲ ಕಾರು ಹಾರ್ನ್ ಹೊಡೆಯಿತು. ಅಜ್ಜಿ ತಿರುಗಿ ಕೈ ಬೀಸಿದಳು. ಎರಡನೆಯದಕ್ಕೂ ಬೀಸಿದಳು. ಕೈ ಕೆಳಗಿಡಿ ಎಂದು ಫಿನ್ಲೇ ಪಿಸುಗುಟ್ಟಿದ.

“ಬೀಸದಿದ್ರೆ ಸತ್ತೇಹೋದೆ ಅಂದ್ಕೊಳ್ತಾರೆ ಕಣೋ. ಇಲ್ಲಾಂದ್ರೆ ಆಬರ್ಡೀನ್ ಪಟ್ಟಣದವಳು ಅಂತಾರೆ. ಎರಡೂ ಬೇಡ.”

(ಫಿನ್ಲೇ ಆಬರ್ಡೀನಿನವನು.)

ಮೂರನೆಯ ಕಾರು ನಿಂತಿತು. ಇಳಿದವನು ಬೆಕ್ಕಿನ ರಾಸ್ಮಿ. ಮೀಮಾ ಬಿದ್ದುಬಿಟ್ಟಳು, ಪಕ್ಕದಲ್ಲಿ ಅಳಿಯನೂ ಬೋರಲಾಗಿದ್ದಾನೆ ಎಂಬ ಸುದ್ದಿ ಅಂಗಡಿಯ ತನಕ ಹೋಗಿ, ಅವನು ಚಹಾದ ಫ್ಲಾಸ್ಕ್ ಮತ್ತು ಕಂಬಳಿ ಸಮೇತ ಧಾವಿಸಿ ಬಂದಿದ್ದ. ಇಬ್ಬರೂ ಬದುಕಿರುವುದು ಕಂಡು ಅವನಿಗೆ ಕೊಂಚ ನಿರಾಸೆಯೇ ಆಯಿತು. ಆದರೂ ಬಂದ ಕೆಲಸ ಬಿಡದೆ ಕೂತು ಚಹಾ ಬಗ್ಗಿಸಿ, ತನ್ನ ಕುರಿಯೊಂದರ ಹೊಟ್ಟೆನೋವಿನ ಚರಿತ್ರೆಯನ್ನು ಆರಂಭಿಸಿದ.

ಆಗಲೇ ದೂರದ ನೀರಿನಲ್ಲಿ ಒಂದು ತಲೆ ಕಂಡಿತು. ಬಾಲ ಎದ್ದಿತು, ಮುಳುಗಿತು. ಅಲ್ಲಿ, ನೇರವಾಗಿ ನೋಡಿ ಎಂದು ಫಿನ್ಲೇ ಬೆರಳು ತೋರಿಸಿದ. ನೇರದಲ್ಲಿರುವುದೇ ಮಂಜು ಎಂದಳು ಅಜ್ಜಿ. ಹಾಗಾದರೆ ಅದು ದಡಕ್ಕೆ ಹತ್ತುವ ಜಾಗವನ್ನೇ ಪತ್ತೆಮಾಡಿ ಅಜ್ಜಿಯನ್ನು ಅಲ್ಲಿಗೆ ಒಯ್ಯುವುದೆಂದು ಅವನು ಎದ್ದ. ಮುಳುಗಿದಾಗ ಓಡಿದ, ತಲೆಯೆತ್ತಿದಾಗ ಎತ್ತಿದ ಕಾಲು ಎತ್ತಿದಂತೆಯೇ ಕಲ್ಲಾದ. ಫೆರ್ರಿಯ ಅಭ್ಯಾಸಬಲದಿಂದ ಒಂದು ಕೈ ‘ನಿಲ್ಲು’ ಎಂಬ ಸನ್ನೆಯಲ್ಲೇ ನಿಂತಿತ್ತು. ರಾಸ್ಮಿ ಕುರಿಯ ಕಥೆ ನಿಲ್ಲಿಸಿ, ಹುಡುಗನಿಗೆ ಇದು ಯಾವಾಗಿನಿಂದ ಎಂದು ಅನುಕಂಪದಿಂದ ವಿಚಾರಿಸಿದ.

ಮೂರನೆಯ ಸಲ ಕಲ್ಲಾಗುವಾಗ ಕಾಲ ಕೆಳಗೆ ಕಡಲಪಾಚಿ ಇತ್ತು. ಪಂಡಿತ ತಲೆಕೆಳಗಾಗಿ, ಬಾಲವಿಲ್ಲದ ಕೊರತೆಯೊಂದನ್ನು ಬಿಟ್ಟು ಶುದ್ಧ ನೀರುನಾಯಿಯ ಕ್ರಮದಲ್ಲೇ ಮುಳುಗಿದ. ರಾಸ್ಮಿ ಕಂಬಳಿ ಹಿಡಿದು ಓಡಿದ. ಬೂಟಿನೊಳಗೆ ಅರ್ಧ ಸಮುದ್ರ ತುಂಬಿಕೊಂಡು ಫಿನ್ಲೇ ಮರಳಿದಾಗ ಅಜ್ಜಿ ಕದಲದೆ ಕೂತಿದ್ದಳು. ಗುಂಡಿಯ ಪಕ್ಕದ ಕಲ್ಲು ಒದ್ದೆಯಾಗಿತ್ತು. ಮೆಲ್ಲಗೆ ಹೇಳಿದಳು:

“ಬಂದಿತ್ತು. ನೀವಿಬ್ಬರೂ ಅತ್ತ ಹೋದಿರಲ್ಲ, ಆಗ. ಮೀನು ತಿಂತು. ಮೀಸೆ ಒರೆಸಿಕೊಂಡು ಹೋಯ್ತು.”

ಮನೆಗೆ ಬಂದಮೇಲೆ ಅವಳು ಓಸ್ಲಾಳಿಗೆ ಅದನ್ನೇ ಮತ್ತೆ ಮತ್ತೆ ಹೇಳಿದಳು: ತಲೆಯಿಂದ ಶುರುಮಾಡಿ ಮೀನು ಕಡಿದದ್ದು, ಕೊರಳ ಕೆಳಗಿನ ಬಿಳಿ ಮಚ್ಚೆ, ಮೀಸೆಯ ತುದಿಯ ನೀರಹನಿ. ಓಸ್ಲಾ ಕಣ್ಣೊರೆಸಿಕೊಂಡು, ಗಂಡನ ಒದ್ದೆ ತಲೆಯನ್ನು ಬಯ್ಯದೆಯೇ ಒರೆಸಿದಳು. ಫಿನ್ಲೇ ನಡುಗುತ್ತಾ ಒಲೆಯ ಮುಂದೆ ಕೂತಿದ್ದ. ಅಜ್ಜಿ ಪೆಟ್ಟಿಗೆ ತೆರೆದು, ತೀರಿಹೋದ ಗಂಡನಿಗೆ ತಾನೇ ಹೆಣೆದ, ಈವರೆಗೆ ಯಾರಿಗೂ ಮುಟ್ಟಲು ಬಿಡದ ಸ್ವೆಟರನ್ನು ತೆಗೆದು ಅವನ ಮಡಿಲಿಗೆ ಹಾಕಿದಳು. ಅದು ಅವನಿಗೆ ಮೊಣಕಾಲು ಮುಟ್ಟುತ್ತಿತ್ತು. ಅದರೊಳಗೆ ತಲೆ ತೂರಿಸುವಾಗ ಅವನಿಗೆ ಒಂದು ಅನುಮಾನ ಹುಟ್ಟಿತು. ಅರೆಗುರುಡು ಅಜ್ಜಿ, ಸಾಕ್ಷಿಯಾಗಿ ಒಂದು ಒದ್ದೆ ಕಲ್ಲು. ತಾನು ನೀರಿಗೆ ಬಿದ್ದದ್ದು ವ್ಯರ್ಥವಾಗದಿರಲೆಂದು ಕರುಣೆಯಿಂದ ಕಟ್ಟಿದ ಕಥೆಯಾಗಿದ್ದರೆ?

ಓಸ್ಲಾ ಬೇಡವೆಂದು ಕಣ್ಣಲ್ಲೇ ಹೇಳಿದಳು. ಅವನು ಕೇಳಿಯೇಬಿಟ್ಟ.

“ಅಜ್ಜಿ, ನಿಜ ಹೇಳಿ. ನೀವು ನೋಡಿದ್ರಾ, ಇಲ್ಲಾ ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಾ?”

ಅಜ್ಜಿ ಜಪ್ತಿಯಿಂದ ಬಿಡಿಸಿಕೊಂಡ ಹೆಣಿಗೆಯಿಂದ ತಲೆಯೆತ್ತಲಿಲ್ಲ.

“ಸುಳ್ಳು ಹೇಳಿ ಸಮಾಧಾನ ಮಾಡೋ ಅಷ್ಟು ನೀನಿನ್ನೂ ನನಗೆ ಇಷ್ಟ ಆಗಿಲ್ಲ ಕಣೋ.”