ಹುಳಿ ಬಂದ ಗಡ್ಡೆಗೆ ಚಿಟಿಕೆ ಸೋಡಾ

ಹಾಸನದ ಆಸ್ಪತ್ರೆಯೊಂದರ ಕ್ಯಾನ್ಸರ್ ವಾರ್ಡಿನಲ್ಲಿ ನಾನು ನರ್ಸ್. ಇಲ್ಲಿ ನಗು ಎಲ್ಲಿಂದ ಬರಬೇಕು ಅಂತ ಜನ ಕೇಳುತ್ತಾರೆ. ಬರುತ್ತದೆ, ಬೇಡವೆಂದರೂ ಬರುತ್ತದೆ. ಚನ್ನರಾಯಪಟ್ಟಣದಲ್ಲಿ ದೋಸೆ ಹೋಟೆಲ್ ಇಟ್ಟಿದ್ದ ಯಜಮಾನರೊಬ್ಬರು ನಮ್ಮನ್ನು ಎಷ್ಟು ನಗಿಸಿದರೋ, ಅವರನ್ನು ನೆನೆದಾಗ ಈಗ ಅಷ್ಟೇ ಸಂಕಟವಾಗುತ್ತದೆ.

ಹಿಟ್ಟಿನ ಲೆಕ್ಕ

ಅವರಿಗೆ ಶ್ವಾಸಕೋಶದಲ್ಲಿ ಗಡ್ಡೆ. ಇಮ್ಯುನೋಥೆರಪಿ ಶುರುವಾಗಿತ್ತು. ನಮ್ಮ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಕೂತು ಬಿಡಿಸಿ ಹೇಳುವ ಸ್ವಭಾವ. "ಈ ಔಷಧಿ ನಿಮ್ಮ ಮೈಯಲ್ಲಿರೋ ಕಾವಲು ಕಣಗಳನ್ನ ಎಬ್ಬಿಸುತ್ತೆ. ಆದರೆ ಗಡ್ಡೆ ತನ್ನ ಸುತ್ತ ಹುಳಿ ಮಾಡ್ಕೊಂಡಿರುತ್ತೆ. ಅಲ್ಲಿಗೆ ಹೋದ ಕಣಗಳು ಸೋತು ಕೂತುಬಿಡ್ತವೆ," ಅಂದರು.

"ಹಿಟ್ಟು ಉಳಿ ಬಂದಂಗೆ ಅನ್ನಿ ಸಾ," ಅಂದರು ಯಜಮಾನರು. "ಚಿಟಿಕೆ ಸೋಡಾ ಆಕ್ಬುಟ್ರೆ?"

ಡಾಕ್ಟರು ನಗಲಿಲ್ಲ. "ವಿಜ್ಞಾನಿಗಳೂ ಆ ಹುಳಿ ಇಳಿಸೋ ದಾರಿ ಹುಡುಕ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ನೀವು ಮಾತ್ರ ಸೋಡಾ ಮುಟ್ಟಬೇಡಿ."

ಯಜಮಾನರು ನನ್ನ ಕಡೆ ತಿರುಗಿದರು. "ನೋಡವ್ವ, ನಾನು ಸುಮ್ಕೆ ಓಟ್ಲು ಲೈನಿಗೆ ಬಂದ್ಬುಟ್ಟೆ!"

ಮನೆಯಲ್ಲಿ ಕಾನೂನು

ಅವರ ಹೆಂಡತಿ ಪಕ್ಕದಲ್ಲೇ ಕೂತಿದ್ದರು. ಅವರ ಕಿವಿಗೆ ಬಿದ್ದದ್ದು 'ಹುಳಿ' ಒಂದೇ. ಮನೆಯಲ್ಲಿ ಹುಣಸೆಹಣ್ಣು, ನಿಂಬೆಹಣ್ಣು, ಟೊಮೆಟೊ, ಮಜ್ಜಿಗೆ ಎಲ್ಲ ಬಂದ್. ಮುಂದಿನ ಸಲ ಬಂದಾಗ ಯಜಮಾನರ ಮುಖ ಇಳಿದುಹೋಗಿತ್ತು. "ಸಾರು ಅಂತ ಬಿಸಿನೀರಿಗೆ ಖಾರದಪುಡಿ ಕದಡಿ ಇಕ್ತಾವಳೆ ಸಾ."

ಡಾಕ್ಟರು ಆಯಮ್ಮನನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. "ಅಮ್ಮ, ತಿನ್ನೋ ಹುಳಿ ಅಲ್ಲಿಗೆ ಹೋಗಲ್ಲ. ಗಡ್ಡೆ ಸಕ್ಕರೆ ಉರಿಸಿ ತಾನೇ ಹುಳಿ ಮಾಡ್ಕೊಳ್ಳುತ್ತೆ."

"ಸಕ್ರೇನಾ?" ಅಂದರು ಆಯಮ್ಮ.

ಯಜಮಾನರು ಡ್ರಿಪ್ ಹಾಕಿದ್ದ ಕೈಯನ್ನೇ ಎತ್ತಿ ಮುಗಿದರು. "ಸಾ, ದಮ್ಮಯ್ಯ, ಇನ್ನೇನೂ ಯೇಳ್ಬೇಡಿ. ಕಾಪಿ ಒಂದು ಉಳ್ಕಂಡಿತ್ತು!"

ಗಾಳಿ

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಬಂದರು. ಹೊಟ್ಟೆ ಉಬ್ಬಿತ್ತು. ನಾವು ಗಾಬರಿಯಾಗಿ ಇಸಿಜಿ ತೆಗೆದೆವು. ಹೃದಯಕ್ಕೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ ವಾರ್ಡೆಲ್ಲ ತಿರುಗಿ ನೋಡುವಂಥ ತೇಗು ಬಂತು.

"ಸೋಡಾ ಕುಡಿದ್ರಾ?" ಡಾಕ್ಟರ ದನಿ ಏರಿತು.

ಯಜಮಾನರು ತಲೆ ತಗ್ಗಿಸಿದರು. "ಒಂಚೂರು ಸಾ. ಬದುಕ್ಬೇಕು ಅಂತ ಆಸೆ ಅಲ್ವರಾ?"

ಡಾಕ್ಟರಿಗೆ ಮುಂದೆ ಬೈಯಲು ಆಗಲಿಲ್ಲ. ಇನ್ನೊಂದು ತೇಗು ಬಂತು. ಎದುರು ಮಂಚದ ಅರಕಲಗೂಡಿನ ಅಜ್ಜಿ ಮಾತ್ರ ವಿಷಯ ತಿಳಿಯದೆ, "ಊಟ ಜೋರಾ ಯಜಮಾನ್ರೇ?" ಅಂದರು.

ಸ್ಕ್ಯಾನ್

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಗಡ್ಡೆ ಬೆಳೆದಿತ್ತು. "ಔಷಧಿ ನಾಟಲಿಲ್ಲ," ಅಂದರು ಡಾಕ್ಟರು. "ಹುಳಿಯೂ ಒಂದು ಕಾರಣ ಇರಬಹುದು, ಅದೊಂದೇ ಅಂತ ಹೇಳೋಕಾಗಲ್ಲ."

ಆಯಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಅಂಗಾರೆ ಅವ್ರ ಬಾಯಿ ಕಟ್ಟಿದ್ದು ಸುಮ್ಕೇನಾ?"

ಯಜಮಾನರೇ ಆಕೆಯ ಬೆನ್ನು ಸವರಿದರು. "ಬುಡಮ್ಮಿ, ಸಪ್ಪೆ ಸಾರೂ ಚೆನ್ನಾಗೇ ಇತ್ತು."

ಅದು ಸುಳ್ಳು ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಫೋನು

ಡ್ರಿಪ್ ನಿಲ್ಲಿಸಿ, ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದೆವು. ಕೆಲವು ವಾರ ಕಳೆದ ಮೇಲೆ, ಮಾತ್ರೆ ಮುಗಿದಿರಬೇಕು ಅಂತ ನಾನೇ ಫೋನ್ ಮಾಡಿದೆ. ಆಯಮ್ಮ ಎತ್ತಿದರು. ಹಿಂದೆ ಜನರ ಗದ್ದಲ, ಪಾತ್ರೆ ಸದ್ದು. ಹೋಟೆಲಿನಲ್ಲಿ ವ್ಯಾಪಾರ ಜೋರಾಗಿದೆ ಅಂದುಕೊಂಡೆ.

"ಯಜಮಾನ್ರನ್ನ ಮಂಗಳವಾರ ಕರ್ಕೊಂಡು ಬನ್ನಿ ಅಮ್ಮ."

"ಅವ್ರು ಓದ್ರು ಕಣವ್ವ."

ಮಗಳನ್ನು ಶ್ರವಣಬೆಳಗೊಳಕ್ಕೆ ಕೊಟ್ಟಿದ್ದರು. ನನಗೆ ಅದೇ ತಲೆಗೆ ಬಂತು. "ಮಗಳ ಮನೆಗಾ? ಅಷ್ಟು ನೋವಲ್ಲಿ ಯಾಕಮ್ಮ ಬಸ್ಸಲ್ಲಿ ಕಳಿಸಿದ್ರಿ?"

"ಬಸ್ಸಲ್ಲಲ್ಲ ಕಣವ್ವ," ಅಂದರು ಮೆಲ್ಲಗೆ.

"ಕಾರಾದ್ರೆ ಪರವಾಗಿಲ್ಲ. ಬಂದ ತಕ್ಷಣ ನನಗೊಂದು ಫೋನ್ ಮಾಡಿ."

ನಗುವೋ ಅಳುವೋ ತಿಳಿಯದ ದನಿಯಲ್ಲಿ ಆಯಮ್ಮ ಅಂದರು, "ಬಂದ್ರೆ ಮೊದ್ಲು ನಿಂಗೇ ಮಾಡ್ತೀನಿ ಬುಡವ್ವ."

ನನಗೆ ಆಗ ಅರ್ಥವಾಯಿತು. ಆ ಪಾತ್ರೆ ಸದ್ದು ವ್ಯಾಪಾರದ್ದಲ್ಲ, ತಿಥಿಯದು. ಮೊದಲು ಆಯಮ್ಮನೇ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೂ ಇಬ್ಬರೂ ಫೋನ್ ಇಡಲಿಲ್ಲ.