ಕಡಲ ಪಾಚಿಗೆ ಒಂಬತ್ತು ಸ್ನಾನ

ರಸಾಯನಶಾಸ್ತ್ರ ಓದಿದವನ ಹಿತ್ತಿಲಲ್ಲಿ ಬಸಳೆ ಸೊರಗುವುದೆಂದರೆ ಅದು ಬಸಳೆಗಲ್ಲ, ಶಾಸ್ತ್ರಕ್ಕೇ ಅವಮಾನ. ೧೯೮೩ರ ಆಗಸ್ಟ್ ತಿಂಗಳ ಒಂದು ಭಾನುವಾರ, ಮದರಾಸಿನ ಕೀಲ್ಪಾಕ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಹಿಂದೆ ನಿಂತು ನಾನು ಹೀಗೆಂದು ಘೋಷಿಸಿದೆ. ಸಭಿಕರು ಇಬ್ಬರು: ನನ್ನ ಹೆಂಡತಿ ಕಲಾವತಿ, ಮತ್ತು ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ಒಂದು ಕಾಗೆ. ಕಾಗೆ ಹಾರಿಹೋಯಿತು.

"ಅವಮಾನ ಆಮೇಲೆ ನೋಡುವ ಮಾರಾಯ್ರೆ," ಎಂದಳು ಕಲಾವತಿ. "ದೀಪಾವಳಿಯೊಳಗೆ ಚಪ್ಪರ ತುಂಬದಿದ್ದರೆ ಅಂಬುಜಮ್ಮ ಇಲ್ಲಿ ಸಿಮೆಂಟ್ ಹಾಕಿಸ್ತಾರಂತೆ."

ಅಂಬುಜಮ್ಮ ಮನೆಯ ಯಜಮಾನಿ. ಮುಂಭಾಗದಲ್ಲಿ ಅವರ ವಾಸ. ಹೊಸದಾಗಿ ಸ್ಕೂಟರ್ ಕೊಂಡ ಅಳಿಯನಿಗೆ ಶೆಡ್ ಕಟ್ಟಿಸಲು ಅವರ ಕಣ್ಣು ನಮ್ಮ ಹಿತ್ತಿಲ ಮೇಲೆ ಬಿದ್ದಿತ್ತು. ಅಲ್ಲಿದ್ದದ್ದು ಎರಡೇ ಬಳ್ಳಿ. ಕಲಾವತಿ ಕುಂದಾಪುರದ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದ ಬಸಳೆ ದಂಟುಗಳು ಅವು. ಎಂಟು ವರ್ಷದಿಂದ ಈ ಊರಲ್ಲಿ ಏನೂ ಬೇಕೆಂದು ಕೇಳದವಳು, ಆ ಎಂಟಡಿ ಮಣ್ಣಿನ ವಿಷಯ ಬಂದಾಗ ಮಾತ್ರ ಕಣ್ಣು ತುಂಬಿಕೊಳ್ಳುತ್ತಿದ್ದಳು.

ಕಡಲ ಪಾಚಿಯ ಗೊಬ್ಬರದಷ್ಟು ಉತ್ತಮವಾದದ್ದು ಇನ್ನೊಂದಿಲ್ಲವೆಂದು ನಾನು ಓದಿದ್ದೆ. ನರ್ಸರಿಯಲ್ಲಿ ವಿಚಾರಿಸಿದರೆ ಒಂದು ಬಾಟಲಿಗೆ ಅರವತ್ತು ರೂಪಾಯಿ. ಬಂಗಾಳ ಕೊಲ್ಲಿ ಪಕ್ಕದಲ್ಲೇ ಬಿದ್ದಿರುವಾಗ ಅದನ್ನು ಬಾಟಲಿಯಲ್ಲಿ ಕೊಳ್ಳುವುದೇ? ಮರೀನಾದಲ್ಲಿ ಎರಡು ಸಂಜೆ ಚೀಲ ಹಿಡಿದು ಹುಡುಕಿದೆ. ಸಿಕ್ಕಿದ್ದು ಜತೆಯಲ್ಲದ ಎರಡು ಚಪ್ಪಲಿ.

ಕೊನೆಗೆ ಕೈಹಿಡಿದವನು ಮಾಳಿಗೆ ಮನೆಯ ಕಮಲಾಕರ. ರೈಲ್ವೆಯವನು. ಪಾಸಿನಲ್ಲಿ ತಾಯಿಯನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋದವನು, ಮಂಡಪಂ ಹತ್ತಿರದ ಮೀನುಗಾರರಿಂದ ಒಂದು ಗೋಣಿ ಪಾಚಿ ಪುಕ್ಕಟೆ ತಂದ.

"ದಾರಿಯಲ್ಲಿ ತೊಂದರೆಯಾಯಿತೇ?" ಎಂದೆ.

"ಇಲ್ಲ ಸಾರ್. ಮದುರೆ ದಾಟುವ ಹೊತ್ತಿಗೆ ಎಲ್ಲರೂ ಎದ್ದು ಬೇರೆ ಕಡೆ ಹೋದರು. ಅಮ್ಮ ಕಾಲು ಚಾಚಿ ಮಲಗಿ ಬಂದಳು."

ಗೋಣಿಯ ಬಾಯಿ ಬಿಚ್ಚಿದ ಐದನೆಯ ನಿಮಿಷಕ್ಕೆ ಅಂಬುಜಮ್ಮ ಮೂಗಿಗೆ ಸೆರಗು ಹಿಡಿದು ಪ್ರತ್ಯಕ್ಷರಾದರು. ಬೆಂಗಳೂರು ದಂಡಿನಲ್ಲಿ ಬೆಳೆದವರಾದ್ದರಿಂದ ನಮ್ಮೊಡನೆ ತಮಿಳು ಬೆರೆಸಿದ ಕನ್ನಡದಲ್ಲೇ ಜಗಳವಾಡುತ್ತಿದ್ದರು.

"ಎನ್ನ ಸಾರ್ ಇದು? ಸಸ್ಯಾಹಾರಿ ಅಂತ ಹೇಳಿ ಮನೆ ಹಿಡಿದು ಕರುವಾಡು ಒಣಗಿಸ್ತೀರಾ?"

"ಒಣಮೀನಲ್ಲಮ್ಮ, ಇದು ಸಸ್ಯ. ಸಮುದ್ರದಲ್ಲಿ ಬೆಳೆಯುವ ಸೊಪ್ಪು."

"ಸೊಪ್ಪಾದ್ರೆ ತಿನ್ನಿ ನೋಡೋಣ."

ನಾನು ಪುರಾವೆಗೆ ಹಿಂಜರಿಯುವವನಲ್ಲ. ಒಂದೂವರೆ ಇಂಚಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ನುಂಗಿದೆ. ಅಂಬುಜಮ್ಮ ಹತ್ತು ನಿಮಿಷ ನಿಂತು ನನಗೇನೂ ಆಗಲಿಲ್ಲವೆಂದು ಖಚಿತಪಡಿಸಿಕೊಂಡರು. "ಸರಿ, ಸೊಪ್ಪೇ ಇರ್ಬೇಕು. ಆದ್ರೆ ದೀಪಾವಳಿ ದೀಪಾವಳಿಯೇ," ಎಂದು ಹೋದರು. ವಿಜ್ಞಾನದ ಮೊದಲ ಜಯ. ಆ ದಿನ ನಾನು ಕುಡಿದ ನೀರಿನ ಲೆಕ್ಕ ಕೇಳಬೇಡಿ.

ಇನ್ನು ಪ್ರಯೋಗ. ಬಲಗಡೆಯ ಬಳ್ಳಿಗೆ 'ಎ' ಎಂದು ಹೆಸರಿಟ್ಟೆ, ಅದಕ್ಕೆ ಪಾಚಿ. ಎಡಗಡೆಯದು 'ಬಿ', ಅದಕ್ಕೆ ಏನೂ ಇಲ್ಲ, ಹೋಲಿಸಿ ನೋಡಲು.

"ಬಿ ಎಂತ ತಪ್ಪು ಮಾಡಿತು?" ಎಂದಳು ಕಲಾವತಿ.

"ತಪ್ಪಿನ ಪ್ರಶ್ನೆಯಲ್ಲ. ಪದ್ಧತಿ."

ಪಾಚಿಯಲ್ಲಿರುವ ಉಪ್ಪು ಬಸಳೆಗೆ ಆಗದು. ಆದ್ದರಿಂದ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಅದರಲ್ಲಿ ಒಂದು ಲೋಟ ಬೇರೆ ತೆಗೆದು ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟು ನೋಡಬೇಕು. ಬೆಳ್ಳಗಾದರೆ ಉಪ್ಪಿದೆ, ತಿಳಿಯಾಗಿ ಉಳಿದರೆ ಹೋಗಿದೆ. ಕಾಲೇಜಿನ ಸ್ನೇಹಿತನೊಬ್ಬನಿಂದ, ತಳದಲ್ಲಷ್ಟೇ ದ್ರಾವಣ ಉಳಿದಿದ್ದ ಕಂದು ಬಾಟಲಿ ತಂದು ಶುರುಮಾಡಿದೆ. ಮೊದಲ ದಿನ ನೀರು ಮೊಸರಾಯಿತು. ಎರಡನೆಯ ದಿನ ಮಜ್ಜಿಗೆ. ಮೂರನೆಯ ದಿನವೂ ಮಜ್ಜಿಗೆ. ಆರನೆಯ ದಿನವೂ ಅದೇ ಮಜ್ಜಿಗೆ. ಈ ಪಾಚಿ ಬಂಗಾಳ ಕೊಲ್ಲಿಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬಂದಿತ್ತೋ ಏನೋ.

ಅದು ಲಾರಿಯಲ್ಲಿ ನೀರು ಬರುತ್ತಿದ್ದ ವರ್ಷ. ಕುಡಿಯುವ ನೀರಿಗೆ ಸಾಲು ನಿಲ್ಲಬೇಕು. ಉಳಿದದ್ದಕ್ಕೆಲ್ಲ ಹಿತ್ತಿಲ ಕೈಪಂಪು. ನಾನು ದಿನಕ್ಕೆ ಹತ್ತು ಕೊಡ ಪಂಪು ಹೊಡೆದು ಪಾಚಿಗೆ ಅಭಿಷೇಕ ಮಾಡುತ್ತಿದ್ದರೆ ಕಲಾವತಿಗೆ ಹೊಟ್ಟೆ ಉರಿಯುತ್ತಿತ್ತು.

"ಬಸಿದ ನೀರನ್ನು ಚರಂಡಿಗೆ ಬಿಡುವುದಾ?"

"ಅದು ತ್ಯಾಜ್ಯ. ಏನಾದರೂ ಮಾಡಿಕೋ."

ಸಿಲ್ವರ್ ನೈಟ್ರೇಟ್ ತಗಲಿ ನನ್ನ ಬೆರಳುಗಳೆಲ್ಲ ಕಪ್ಪಾದವು. ವಿಮಾ ಕಚೇರಿಯಲ್ಲಿ ಪಕ್ಕದ ಮೇಜಿನ ಜಯಲಕ್ಷ್ಮೀ ನನ್ನ ಕೈ ನೋಡಿ, "ಯಾವ ಎಲೆಕ್ಷನ್ ಸಾರ್, ಐದೂ ಬೆರಳಲ್ಲಿ ಓಟು ಹಾಕಿದ್ದೀರಿ?" ಎಂದು ಕೇಳಿದಳು. ಮಹಾಕಾರ್ಯ ಮಾಡುವವರು ಇಂಥದ್ದಕ್ಕೆಲ್ಲ ಉತ್ತರಿಸುವುದಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡೆ.

ಒಂಬತ್ತು ದಿನಕ್ಕೆ ಒಂಬತ್ತು ಸ್ನಾನ. ಅಲ್ಲಿಗೆ ನಿಲ್ಲಿಸಿದ್ದು ಉಪ್ಪು ಹೋಯಿತೆಂದಲ್ಲ, ಬಾಟಲಿ ಖಾಲಿಯಾಯಿತೆಂದು. ಅಷ್ಟರಲ್ಲಿ ಪಾಚಿ ನೆನೆದ ದಿನಪತ್ರಿಕೆಯಂತೆ ಬಿಳಿಚಿಕೊಂಡಿತ್ತು. ಅದನ್ನು 'ಎ' ಬುಡಕ್ಕೆ ಅಂಗುಲ ಅಳೆದು ಹರಡಿದೆ.

ಪ್ರತಿ ಭಾನುವಾರ ಅಳತೆ. 'ಎ' ಬೆಳೆಯುವ ಯೋಚನೆಯಲ್ಲಿತ್ತು. 'ಬಿ' ಮಾತ್ರ ಯೋಚನೆಯನ್ನೂ ಮಾಡದೆ ಬೆಳೆಯುತ್ತಿತ್ತು. ಮೂರನೆಯ ವಾರ ನನಗೆ ಹೊಳೆಯಿತು: 'ಬಿ'ಯ ಬೇರು ಕಳ್ಳತನದಿಂದ 'ಎ' ಬುಡಕ್ಕೆ ನುಗ್ಗಿ ಗೊಬ್ಬರ ಕದಿಯುತ್ತಿದೆ. ಎರಡರ ನಡುವೆ ತಗಡು ಹೂತೆ. 'ಬಿ' ಅದರಿಂದ ಇನ್ನಷ್ಟು ಉತ್ಸಾಹಗೊಂಡಿತು. ಕಬ್ಬಿನಷ್ಟು ದಪ್ಪದ ದಂಟು, ಅಂಗೈಯಗಲದ ಎಲೆ. ತನ್ನ ಅರ್ಧ ಚಪ್ಪರ ತುಂಬಿಸಿ, 'ಎ'ಯ ಅರ್ಧಕ್ಕೂ ಹಬ್ಬಿ, ದೀಪಾವಳಿಗೆ ಇನ್ನೂ ನಾಲ್ಕು ದಿನವಿರುವಾಗಲೇ ಹಿತ್ತಿಲಲ್ಲಿ ನಡುಹಗಲಲ್ಲೂ ತಂಪು ನೆರಳು ಚೆಲ್ಲಿತು.

ಹಬ್ಬದ ಬೆಳಿಗ್ಗೆ ಅಂಬುಜಮ್ಮ ಬಂದರು. ಚಪ್ಪರದ ಕೆಳಗೆ ಒಂದು ಸುತ್ತು ಹಾಕಿದರು. ಒಂದು ಎಲೆ ಮುಟ್ಟಿ ನೋಡಿದರು. ಕಲಾವತಿ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮಾಪಿಳ್ಳೈ ಸ್ಕೂಟರ್ ಬೀದಿಯಲ್ಲೇ ಇರ್ಲಿ," ಎಂದರು ಅಂಬುಜಮ್ಮ. "ಇದನ್ನ ಕಿತ್ತರೆ ಪಾಪ ಬರುತ್ತೆ."

ಕಲಾವತಿ ಚಪ್ಪರದ ಕಂಬ ಹಿಡಿದುಕೊಂಡು ನಕ್ಕಳು. ಆ ನಗುವಿಗಾಗಿ ನಾನು ಇನ್ನೊಂದು ಒಂದೂವರೆ ಇಂಚು ಪಾಚಿ ತಿನ್ನಲು ಸಿದ್ಧನಿದ್ದೆ. ಎದೆ ಸೆಟೆಸಿ ಹೇಳಿದೆ: "ಕಡಲ ಪಾಚಿಯ ಮಹಿಮೆ ನೋಡಿದಿರಾ ಅಮ್ಮ?"

"ಪಾಚಿ ಹಾಕಿದ್ದು ಯಾವುದಕ್ಕೆ?"

ನಾನು ತೋರಿಸಿದೆ. ಪೆನ್ಸಿಲಿನಂಥ 'ಎ', ನೆರೆಯವನ ನೆರಳಲ್ಲಿ ಎರಡೂ ಕಾಲಡಿ ಎತ್ತರದಲ್ಲಿ ನಿಂತಿತ್ತು. ಅಂಬುಜಮ್ಮ ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

"ಬಸಿದ ನೀರು ಬಿ ಕುಡಿಯಿತು," ಎಂದಳು ಕಲಾವತಿ ಮೆಲ್ಲಗೆ. "ಎ‌ಗೆ ಹೇಗೂ ನೀವಿದ್ದೀರಲ್ಲ ಅಂತ. ಡ್ರಮ್ಮಿನಲ್ಲಿ ತುಂಬಿಸಿಟ್ಟು ವಾರಕ್ಕೆ ಎರಡು ಚೊಂಬು ಹಾಕ್ತಿದ್ದೆ."

ಆ ವರ್ಷ ಮದರಾಸಿನ ಯಾವ ಹಿತ್ತಿಲಲ್ಲಿ ಡ್ರಮ್ಮುಗಳ ಸಾಲಿರಲಿಲ್ಲ? ಇನ್ನೊಂದು ಹೆಚ್ಚಿದ್ದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಪಾಚಿಯ ಸಾರವೆಲ್ಲ ಅದರಲ್ಲಿತ್ತು; ನಾನು ಹರಡಿದ್ದು ಹಿಂಡಿದ ಚರಟ.

"ಅದರಲ್ಲಿ ಉಪ್ಪಿತ್ತಲ್ಲ?" ಎಂದೆ.

"ಮೊದಲ ಎರಡು ದಿನದ್ದು ಉಪ್ಪು, ಚರಂಡಿಗೆ ಬಿಟ್ಟೆ. ಮೂರನೆಯ ದಿನದ್ದನ್ನು ನಾಲಿಗೆಗೆ ಮುಟ್ಟಿಸಿದೆ, ಪಂಪಿನ ನೀರನ್ನೂ ಮುಟ್ಟಿಸಿದೆ. ಎರಡೂ ಒಂದೇ ರುಚಿ. ನಮ್ಮ ಪಂಪಿನ ನೀರೇ ಉಪ್ಪಲ್ವಾ ಮಾರಾಯ್ರೆ?"

ನಾನು ಒಂಬತ್ತು ದಿನ ಬಸಿದ ನೀರಿಗೆ ಹನಿ ಬಿಟ್ಟವನು, ಪಂಪಿನ ನೀರಿಗೆ ಒಂದೇ ಒಂದು ಹನಿ ಬಿಟ್ಟು ನೋಡಿರಲಿಲ್ಲ.

ಅಂಬುಜಮ್ಮನಿಗೆ ಈ ವಿಷಯದಲ್ಲಿ ಆಸಕ್ತಿಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮುಂಭಾಗದ ಗುಲಾಬಿ ಗಿಡಗಳಿಗೆ ಔಷಧ.

"ಎಷ್ಟು ಸಲ ತೊಳೀಬೇಕು?" ಎಂದರು.

"ಒಂಬತ್ತು," ಎಂದೆ ನಾನು, ಅಭ್ಯಾಸಬಲದಿಂದ.

"ಎರಡು," ಎಂದಳು ಕಲಾವತಿ.

ಅಂಬುಜಮ್ಮ ಕ್ಷಣವೂ ತಡಮಾಡಲಿಲ್ಲ. "ಕಮಲಾಕರನಿಗೆ ಹೇಳಿ ಇನ್ನೊಂದು ಮೂಟೆ ತರಿಸಿ, ಕಲಾವತಿ ಕೈಗೆ ಕೊಡಿ," ಎಂದವರು, ನಾನು ನೊಂದುಕೊಂಡೇನೆಂದು ಸಮಾಧಾನದ ಸ್ವರದಲ್ಲಿ ಸೇರಿಸಿದರು: "ನೀವು ಪಂಪ್ ಹೊಡೀರಿ ಸಾರ್. ಅದು ನೀವು ಚೆನ್ನಾಗೇ ಹೊಡೀತೀರ."